ತಳಿಗೆ ಯಾವ ಹುಂಜ, ಯಾವ ಹೇಟೆ?

ಪ್ರಶ್ನೆ: ಹಳೆಯ ತಳಿಯೊಂದರ ಸುಮಾರು 40 ಕೋಳಿಗಳನ್ನು ಬೇರೆ ತಳಿಯೊಡನೆ ಬೆರೆಯದಂತೆ ಹಲವು ವರ್ಷಗಳಿಂದ ಸಾಕಿಕೊಂಡು ಬಂದಿದ್ದೇನೆ. ಪ್ರತಿ ವರ್ಷ ಎಲ್ಲಕ್ಕಿಂತ ದೊಡ್ಡದಾಗಿ, ಅಂದವಾಗಿ ಬೆಳೆದ ಒಂದು ಹುಂಜವನ್ನು ಮಾತ್ರ ತಳಿಗೆ ಉಳಿಸಿಕೊಳ್ಳುತ್ತೇನೆ. ಈಚೆಗೆ ಕಾವಿಗಿಟ್ಟ ಮೊಟ್ಟೆಗಳಲ್ಲಿ ಮರಿಯಾಗುವುದು ಕಡಿಮೆಯಾಗಿದೆ. ಕೆಲವು ಮರಿಗಳ ಕಾಲ್ಬೆರಳು ಡೊಂಕಾಗಿವೆ. ಆಯ್ಕೆಯಲ್ಲಿ ನಾನು ತಪ್ಪಿದ್ದೆಲ್ಲಿ?

ಉತ್ತರ: ಮೊದಲು ಮೇವನ್ನು ಪರಿಶೀಲಿಸಿ. ತಾಯಿಕೋಳಿಯ ಮೇವಿನಲ್ಲಿ ರೈಬೋಫ್ಲಾವಿನ್ ಜೀವಸತ್ವ ಕಡಿಮೆಯಾದರೆ ಮೊಟ್ಟೆಯೊಳಗೇ ಮರಿ ಸಾಯುತ್ತದೆ, ಮರಿಗಳ ಮೇವಿನಲ್ಲಿ ಕಡಿಮೆಯಾದರೆ ಅವುಗಳ ಬೆರಳು ಒಳಕ್ಕೆ ಮಡಚಿಕೊಳ್ಳುತ್ತದೆ. ಮೇವು ಸರಿಯಿದ್ದೂ ದೋಷ ಮುಂದುವರಿದರೆ ಅದು ರಕ್ತದಲ್ಲಿ ಬಂದಿರುವ ಸಾಧ್ಯತೆ ಹೆಚ್ಚು.

ನಿಮ್ಮ ವಿವರಣೆಯನ್ನು ಓದಿದರೆ ಮುಖ್ಯ ತಪ್ಪು ಹುಂಜಗಳ ಸಂಖ್ಯೆಯಲ್ಲಿದೆ ಎಂದು ನನಗೆ ತೋರುತ್ತದೆ. ಹೇಟೆಗಳು ಎಷ್ಟೇ ಇದ್ದರೂ ಹುಂಜ ಒಂದೇ ಆದರೆ ಆ ವರ್ಷದ ಮರಿಗಳೆಲ್ಲ ಒಂದೇ ತಂದೆಯವು. ಮರುವರ್ಷ ಅವುಗಳೊಳಗೇ ಅಣ್ಣತಂಗಿಯರನ್ನು ಕೂಡಿಸಿದಂತಾಗುತ್ತದೆ. ಇದಕ್ಕೆ ತಳಿಶಾಸ್ತ್ರದಲ್ಲಿ ಒಂದು ಲೆಕ್ಕವಿದೆ: ಹುಂಜಗಳ ಸಂಖ್ಯೆಯನ್ನು ಹೇಟೆಗಳ ಸಂಖ್ಯೆಯಿಂದ ಗುಣಿಸಿ, ಬಂದುದನ್ನು ನಾಲ್ಕು ಪಟ್ಟು ಮಾಡಿ, ಹುಂಜ ಹೇಟೆಗಳ ಒಟ್ಟು ಸಂಖ್ಯೆಯಿಂದ ಭಾಗಿಸಬೇಕು. 20 ಹೇಟೆಗಳಿಗೆ 1 ಹುಂಜವಿದ್ದರೆ ಬರುವ ಉತ್ತರ ನಾಲ್ಕಕ್ಕೂ ಕಡಿಮೆ. ಅಂದರೆ 21 ಕೋಳಿಗಳಿದ್ದರೂ ರಕ್ತಸಂಬಂಧ ಹತ್ತಿರವಾಗುವ ವೇಗ ನಾಲ್ಕೇ ಕೋಳಿಗಳ ಹಿಂಡಿನಷ್ಟಿರುತ್ತದೆ. ಅದೇ 20 ಹೇಟೆಗಳಿಗೆ 5 ಹುಂಜಗಳಿದ್ದರೆ ಉತ್ತರ 16. ಹಿಂಡನ್ನು ಮೂರು ಗುಂಪು ಮಾಡಿ, ಹೆಣ್ಣುಮರಿಗಳನ್ನು ತಾಯಿಯ ಗುಂಪಿನಲ್ಲೇ ಉಳಿಸಿ, ಗಂಡುಮರಿಗಳನ್ನು ಪ್ರತಿ ತಲೆಮಾರಿನಲ್ಲೂ ಒಂದನೆಯದರಿಂದ ಎರಡನೆಯದಕ್ಕೆ, ಎರಡನೆಯದರಿಂದ ಮೂರನೆಯದಕ್ಕೆ, ಮೂರನೆಯದರಿಂದ ಒಂದನೆಯದಕ್ಕೆ ದಾಟಿಸುವ ಪದ್ಧತಿ ಸಣ್ಣ ಹಿಂಡುಗಳಿಗೆ ಬಹಳ ಅನುಕೂಲ. ಕಾಲಿಗೆ ಗುಂಪಿಗೊಂದು ಬಣ್ಣದ ಬಳೆ ಹಾಕಿದರೆ ಗೊಂದಲವಾಗದು.

ಇನ್ನು ಆಯ್ಕೆ. ದಯವಿಟ್ಟು ಕೋಳಿಯನ್ನು ದೂರದಿಂದ ನೋಡಿ ತೀರ್ಮಾನಿಸಬೇಡಿ, ಕೈಗೆತ್ತಿಕೊಳ್ಳಿ. ಮೊಟ್ಟೆ ಇಡುತ್ತಿರುವ ಹೇಟೆಯ ಗುದದ್ವಾರದ ಇಕ್ಕೆಲದ ಎಲುಬುಗಳ ನಡುವೆ ಎರಡು ಮೂರು ಬೆರಳು ಸಲೀಸಾಗಿ ಹಿಡಿಯುತ್ತವೆ. ಅಲ್ಲಿಂದ ಎದೆಮೂಳೆಯ ತುದಿಯವರೆಗಿನ ಹೊಟ್ಟೆ ಮೆತ್ತಗಿದ್ದು ಮೂರು ನಾಲ್ಕು ಬೆರಳು ಅಗಲವಿರುತ್ತದೆ. ಎಲುಬುಗಳು ಒತ್ತೊತ್ತಾಗಿದ್ದು ಹೊಟ್ಟೆ ಗಟ್ಟಿಯಾಗಿದ್ದರೆ ಆ ಕೋಳಿ ಆಗ ಮೊಟ್ಟೆ ಇಡುತ್ತಿಲ್ಲ. ಹಳದಿ ಚರ್ಮದ ತಳಿಯಾದರೆ ಮೊಟ್ಟೆ ಇಟ್ಟಂತೆಲ್ಲ ಗುದದ್ವಾರ, ಕಣ್ಣಂಚು, ಕೊಕ್ಕು, ಕಡೆಗೆ ಕಾಲು ಎಂಬ ಕ್ರಮದಲ್ಲಿ ಹಳದಿ ಮಾಸುತ್ತದೆ. ಅಂದವಾದ ಕಡುಹಳದಿ ಕಾಲಿನ ಹೇಟೆಯನ್ನು ಉಳಿಸಿಕೊಂಡು ಕಾಲು ಬಿಳಿಚಿದ್ದನ್ನು ಮಾರುವವರು ತಮ್ಮ ಅತ್ಯುತ್ತಮ ತಾಯಿಯನ್ನೇ ಕಳೆದುಕೊಳ್ಳುವುದುಂಟು, ಮತ್ತು ಇದು ನನಗೆ ನಿಜಕ್ಕೂ ಸಂಕಟ ತರುವ ಸಂಗತಿ. ತಡವಾಗಿ ಗರಿ ಉದುರಿಸಿ ಬೇಗನೆ ಹೊಸ ಗರಿ ತೊಡುವ ಹೇಟೆ ಸಾಮಾನ್ಯವಾಗಿ ಒಳ್ಳೆಯ ಮೊಟ್ಟೆಕೋಳಿ. ಎರಡನೆಯ ವರ್ಷವೂ ಆರೋಗ್ಯವಾಗಿದ್ದು ಮೊಟ್ಟೆ ಇಟ್ಟ ಹೇಟೆಗೆ ಎಳೆಯ ಕೋಳಿಗಿಂತ ಹೆಚ್ಚು ಬೆಲೆ ಕೊಡಿ.

ಹುಂಜ ಮೊಟ್ಟೆ ಇಡುವುದಿಲ್ಲವಾದ್ದರಿಂದ ಅದರ ತಾಯಿಯನ್ನೂ ಅಕ್ಕತಂಗಿಯರನ್ನೂ ನೋಡಿ ಅದನ್ನು ಅಳೆಯಬೇಕು. ಬೆನ್ನು ಅಗಲವಾಗಿರಲಿ, ಕಾಲುಗಳು ದೂರ ನಿಂತಿರಲಿ, ಎದೆಮೂಳೆ ನೇರವಿರಲಿ, ಆದರೆ ತೂಕ ತಳಿಯ ಸಹಜ ಮಿತಿಯಲ್ಲೇ ಇರಲಿ. ಪ್ರತಿ ವರ್ಷ ದೊಡ್ಡದನ್ನೇ ಆರಿಸುತ್ತ ಹೋದರೆ ತಳಿಯ ಸ್ವರೂಪವೇ ಬದಲಾಗಿ ಫಲವಂತಿಕೆಯೂ ಮೊಟ್ಟೆಯೂ ಕುಸಿಯುತ್ತವೆ. ಕೊಕ್ಕು ಓರೆಯಾದದ್ದು, ಬಾಲ ಒಂದು ಕಡೆಗೆ ವಾಲಿದ್ದು, ಮೈಮೇಲೆ ಎರಗುವ ಸ್ವಭಾವದ್ದು ಎಷ್ಟೇ ಚೆಂದವಿದ್ದರೂ ಬೇಡ. ರೋಗ ಬಂದು ಔಷಧಿಯಿಂದ ಚೇತರಿಸಿಕೊಂಡ ಕೋಳಿಯೂ ತಳಿಗೆ ಬೇಡ, ಏಕೆಂದರೆ ಕೆಲವು ರೋಗಾಣುಗಳು ಮೊಟ್ಟೆಯ ಮೂಲಕವೇ ಮರಿಗೆ ದಾಟುತ್ತವೆ. ಸಣ್ಣ ಕುಂದುಗಳ ವಿಷಯದಲ್ಲಿ ಇಷ್ಟು ಕಠಿಣವಾಗಬೇಕಿಲ್ಲ. ಒಂದೇ ಬಗೆಯ ಕುಂದಿರುವ ಹುಂಜ ಮತ್ತು ಹೇಟೆಯನ್ನು ಜೊತೆಮಾಡದಿದ್ದರೆ ಸಾಕು.

ಪ್ರಶ್ನೆ: ಗುಂಪಿನ ಹುಂಜವನ್ನು ಬದಲಿಸಿದ ಮೇಲೆ ಎಷ್ಟು ದಿನ ಬಿಟ್ಟು ಕಾವಿಗೆ ಮೊಟ್ಟೆ ಆರಿಸಬೇಕು?

ಉತ್ತರ: ಹಳೆಯ ಹುಂಜದ ವೀರ್ಯ ಹೇಟೆಯ ದೇಹದಲ್ಲಿ ಎರಡು ವಾರಕ್ಕೂ ಹೆಚ್ಚು ಕಾಲ ಜೀವಂತವಾಗಿ ಉಳಿಯಬಲ್ಲದು. ಆದ್ದರಿಂದ ಹಳೆಯ ಹುಂಜವನ್ನು ಬೇರ್ಪಡಿಸಿದ ದಿನದಿಂದ ಕನಿಷ್ಠ ಮೂರು ವಾರ ಕಾಯ್ದು, ಅನಂತರ ಇಟ್ಟ ಮೊಟ್ಟೆಗಳನ್ನೇ ಹೊಸ ಹುಂಜದ ಹೆಸರಿನಲ್ಲಿ ಬರೆದಿಟ್ಟುಕೊಳ್ಳಿ.