ಜಾವಾದ ಹಳ್ಳಿಯಲ್ಲಿ ಜಮೀನು ಯಾರದ್ದು?

ಇಂಡೋನೇಷ್ಯಾದ ಜಾವಾದಲ್ಲಿ ಸಣ್ಣ ಹಳ್ಳಿಯ ರೈತರಿಗೆ ಎಷ್ಟು ಭೂಮಿ ಇರುತ್ತದೆ, ಅದಕ್ಕೆ ದಾಖಲೆ ಏನು ಎಂದು ಕೇಳಿದ್ದೀರಿ.

ಭೂಮಿ ಕಡಿಮೆಯೇ. ಹೆಚ್ಚಿನ ಮನೆಗಳಿಗೆ ಅರ್ಧ ಹೆಕ್ಟೇರ್ ಗದ್ದೆಯೂ ಇರುವುದಿಲ್ಲ. ಮನೆ ಸುತ್ತ ಹಿತ್ತಲು ಇರುತ್ತದೆ: ತೆಂಗು, ಬಾಳೆ, ಮರಗೆಣಸು, ನಾಲ್ಕು ಕೋಳಿ. ಗದ್ದೆ ಇಲ್ಲದವರು ಬೇರೆಯವರದ್ದನ್ನು ಪಾಲಿಗೆ ಮಾಡುತ್ತಾರೆ. ಫಸಲು ಅರ್ಧರ್ಧ ಹಂಚಿಕೊಂಡರೆ ಅದಕ್ಕೆ ‘ಮರೊ’ ಎನ್ನುತ್ತಾರೆ. ಪಾಲಿನ ಕರಾರು ಬರಹದಲ್ಲಿರಬೇಕು ಎಂದು 1960ರಲ್ಲೇ ಕಾನೂನು ಬಂದಿದೆ. ಆದರೆ ಹಳ್ಳಿಯಲ್ಲಿ ಜಾಸ್ತಿ ನಡೆಯುವುದು ಬಾಯಿಮಾತೇ.

ದಾಖಲೆಯ ವಿಷಯ ಸ್ವಲ್ಪ ಗೋಜಲು. ಹಳ್ಳಿ ಕಚೇರಿಯಲ್ಲಿ ‘ಲೆಟರ್ ಸಿ’ ಎಂಬ ಹಳೇ ಪುಸ್ತಕ ಇರುತ್ತದೆ. ಜನರ ಕೈಯಲ್ಲಿ ‘ಗಿರಿಕ್’ ಎಂಬ ಚೀಟಿ. ಎರಡೂ ಮೂಲತಃ ತೆರಿಗೆ ಲೆಕ್ಕ, ಹಕ್ಕುಪತ್ರವಲ್ಲ. ಆದರೂ ತಲೆಮಾರುಗಳಿಂದ ಅದನ್ನೇ ನಂಬಿ ಜಮೀನು ಕೊಂಡಿದ್ದಾರೆ, ಮಾರಿದ್ದಾರೆ. ಅಜ್ಜನ ಹೆಸರಲ್ಲೇ ಉಳಿದ ಗದ್ದೆಗೆ ಮೊಮ್ಮಕ್ಕಳು ಜಗಳ ಆಡುವುದೂ ಇದರಿಂದಲೇ. ಗಟ್ಟಿ ದಾಖಲೆ ಅಂದರೆ ಸರ್ಕಾರಿ ಭೂ ಕಚೇರಿ ಕೊಡುವ ಸರ್ಟಿಫಿಕೇಟ್. ಇತ್ತೀಚಿನ ವರ್ಷಗಳಲ್ಲಿ ಸರ್ಕಾರವೇ ಹಳ್ಳಿಹಳ್ಳಿಗೆ ಬಂದು ಅಳೆದು ಕೊಡುತ್ತಿದೆ.

ನನಗೆ ಮಜಾ ಅನಿಸುವುದು ‘ಬೆಂಗ್ಕೊಕ್’ ಜಮೀನು. ಹಳ್ಳಿಯ ಮುಖ್ಯಸ್ಥನಿಗೆ, ಅವನ ಸಿಬ್ಬಂದಿಗೆ ಸಂಬಳದ ಬದಲು ಊರಿನ ಗದ್ದೆ ಬಿಟ್ಟುಕೊಡುತ್ತಿದ್ದ ಹಳೇ ಪದ್ಧತಿ ಇದು. ಉಳಬಹುದು, ಗುತ್ತಿಗೆಗೂ ಕೊಡಬಹುದು, ಮಾರುವಂತಿಲ್ಲ. ಹುದ್ದೆ ಹೋದರೆ ಗದ್ದೆಯೂ ಹೋಯಿತು.

ಅಲ್ಲಿ ಗದ್ದೆ ಕೊಳ್ಳುವ ಆಸೆ ಇದ್ದರೆ ಬಿಟ್ಟುಬಿಡಿ. ‘ಹಕ್ ಮಿಲಿಕ್’ ಎಂಬ ಪೂರ್ಣ ಒಡೆತನ ವಿದೇಶಿಯರಿಗೆ ಸಿಗುವುದಿಲ್ಲ.