ಹದಿನೇಳು ಬೇಡಿಕೆ ಹಿಡಿದು ಶಾಸಕರ ಮನೆಗೆ ಹೋಗಬೇಕಾ?

ಪ್ರಶ್ನೆ: ನಮ್ಮದು ಕುಂದಾಪುರ ತಾಲೂಕಿನ ಒಳಗಿನ ಊರು. ಸರಕಾರಿ ಕಿರಿಯ ಪ್ರಾಥಮಿಕ ಶಾಲೆ, ಒಂದರಿಂದ ಐದರ ತನಕ 41 ಮಕ್ಕಳು, ಇಬ್ಬರು ಟೀಚರ್. ಬಜೆಟ್‌ಗೆ ಮೊದಲು ಶಾಸಕರಿಗೆ ಮನವಿ ಕೊಡೋಣ ಅಂತ ಸುತ್ತಲಿನ ನಾಲ್ಕು ಶಾಲೆಯ ಹೆತ್ತವರು ಸೇರಿದ್ದೇವೆ. ಪಟ್ಟಿ ಮಾಡುತ್ತಾ ಹೋದರೆ 17 ಬೇಡಿಕೆ ಆಯಿತು! ಯಾವುದು ಮೊದಲು ಅಂತ ಈಗ ನಮ್ಮೊಳಗೇ ಜಗಳ. ಎಂಟನೇ ಕ್ಲಾಸಿನ ನನ್ನ ಮಗಳು, ಅವಳ ಗೆಳತಿಯರು ನಾವೂ ಬರುತ್ತೇವೆ ಅನ್ನುತ್ತಿದ್ದಾರೆ. ಕರೆದುಕೊಂಡು ಹೋಗಬಹುದಾ?
– ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯೆ

ಉತ್ತರ: 17 ಜಾಸ್ತಿಯಾಯಿತು. ಕೆಲವು ವರ್ಷಗಳ ಹಿಂದೆ ನಾನೂ ಹೀಗೇ 22 ಬೇಡಿಕೆಯ ಮನವಿ ಬರೆದುಕೊಟ್ಟವನು. ಶಾಲು ಹಾಕಿದೆವು, ಫೋಟೋ ಪೇಪರಿನಲ್ಲಿ ಬಂತು. ಕೊನೆಗೆ ಸಿಕ್ಕಿದ್ದು ಅಂಗಳಕ್ಕೆ ಇಂಟರ್‌ಲಾಕ್. ಪಟ್ಟಿಯಲ್ಲಿ ಅದು 19ನೆಯದು. ಉದ್ದ ಪಟ್ಟಿ ಕೊಟ್ಟರೆ ಕೊಡುವವರು ತಮಗೆ ಸುಲಭ ಆದದ್ದನ್ನು ಆರಿಸಿಕೊಳ್ಳುತ್ತಾರೆ, ಅಷ್ಟೇ.

ಹಾಗಾಗಿ ಮೊದಲು ಯಾವ ಕೆಲಸ ಯಾರ ಕೈಯಲ್ಲಿದೆ ಅಂತ ನೋಡಿ. ನಳ್ಳಿ, ಶೌಚಾಲಯದ ಬಾಗಿಲು, ಕಂಪೌಂಡು ಪಂಚಾಯತಿಗೆ ಹೋಗಲಿ. ಪುಸ್ತಕ ತಡವಾದದ್ದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ. ಹೊಸ ಹುದ್ದೆ, ದೊಡ್ಡ ದುಡ್ಡು, ನಿಯಮದ ಬದಲಾವಣೆ, ಇಷ್ಟು ಮಾತ್ರ ವಿಧಾನಸಭೆಗೆ ಹೋಗಬೇಕಾದದ್ದು. ನಿಮ್ಮ 17ರಲ್ಲಿ ಅಂಥದ್ದು ಮೂರೋ ನಾಲ್ಕೋ ಉಳಿದೀತು.

ನನ್ನನ್ನು ಕೇಳಿದರೆ ಟೀಚರ್ ವಿಷಯವೇ ಮೊದಲು. ಆದರೆ ‘ಶಿಕ್ಷಕರ ಕೊರತೆ ಇದೆ’ ಅಂತ ಮಾತ್ರ ಬರೆಯಬೇಡಿ. ಯಾಕೆಂದರೆ ಕಾಗದದ ಲೆಕ್ಕದಲ್ಲಿ ನಿಮ್ಮ ಶಾಲೆಯಲ್ಲಿ ಕೊರತೆಯೇ ಇಲ್ಲ! 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರಕಾರ ಒಂದರಿಂದ ಐದರವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು ಸಾಕು. ನಿಮ್ಮಲ್ಲಿ 41 ಮಕ್ಕಳು, ಇಬ್ಬರಿದ್ದಾರೆ, ಲೆಕ್ಕ ಸರಿಯಾಯಿತು ಅಂತ ಫೈಲ್ ಮುಚ್ಚುತ್ತಾರೆ. ಶಾಲೆಯೊಳಗೆ ಹೋಗಿ ನೋಡಿದರೆ ಒಬ್ಬರು ನಲಿ-ಕಲಿಯ (ಒಂದರಿಂದ ಮೂರರ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುವ ಪದ್ಧತಿ) ಮೂರು ತರಗತಿ ಹಿಡಿದು ಕೂತಿರುತ್ತಾರೆ, ಇನ್ನೊಬ್ಬರು ನಾಲ್ಕು ಮತ್ತು ಐದು. ಅವರಲ್ಲಿ ಒಬ್ಬರು ಮೀಟಿಂಗಿಗೋ ತರಬೇತಿಗೋ ಹೋದ ದಿನ ಐದೂ ತರಗತಿಗೆ ಒಬ್ಬರೇ. ನೀವು ಕೇಳಬೇಕಾದದ್ದು ಈ ಲೆಕ್ಕವನ್ನೇ ಬದಲಿಸಿ ಅಂತ. ಕಾಯ್ದೆ ಹೇಳುವುದು ಕನಿಷ್ಠ ಎಷ್ಟು ಅಂತ ಮಾತ್ರ, ಅದಕ್ಕಿಂತ ಜಾಸ್ತಿ ಕೊಡಲು ರಾಜ್ಯಕ್ಕೆ ಅಡ್ಡಿಯಿಲ್ಲ. ಚಿಕ್ಕ ಶಾಲೆಗೆ ಕನಿಷ್ಠ ಮೂರನೇ ಹುದ್ದೆ ಮಂಜೂರು ಮಾಡಿ ಅಂತ ಒಂದೇ ಸಾಲಿನಲ್ಲಿ ಬರೆಯಿರಿ, ನಾಲ್ಕೂ ಶಾಲೆಯ ಮಕ್ಕಳ ಸಂಖ್ಯೆ, ತರಗತಿ, ಶಿಕ್ಷಕರ ಸಂಖ್ಯೆ ಹಾಕಿ. ನಾಲ್ಕರಲ್ಲಿ ಎಲ್ಲಾದರೂ ಮಂಜೂರಾದ ಹುದ್ದೆಯೇ ಖಾಲಿ ಬಿದ್ದಿದ್ದರೆ ಅದು ಬೇರೆ ಕಥೆ: ಶೇ. 10ಕ್ಕಿಂತ ಜಾಸ್ತಿ ಖಾಲಿ ಇರಬಾರದು ಅಂತ ಅದೇ ಕಾಯ್ದೆಯ 26ನೇ ಕಲಮು ಹೇಳುತ್ತದೆ, ಅದನ್ನೇ ಉದ್ಧರಿಸಿ.

ಒಂದು ಮಾತು ಎದುರು ಬಂದೇ ಬರುತ್ತದೆ. ‘ನಿಮಗೇನು ಮಾರಾಯ್ರೆ, ಎಸೆಸೆಲ್ಸಿಯಲ್ಲಿ ಯಾವಾಗಲೂ ನೀವೇ ಮುಂದೆ.’ ನಿಜ, 2024ರಲ್ಲಿ ಉಡುಪಿ ಮೊದಲು, 2025ರಲ್ಲಿ ದಕ್ಷಿಣ ಕನ್ನಡ. ಆದರೆ ಅದು ಇಡೀ ಜಿಲ್ಲೆಯ ಸರಾಸರಿ, ಅದರಲ್ಲಿ ಖಾಸಗಿ ಹೈಸ್ಕೂಲುಗಳೂ ಸೇರಿವೆ. ನಿಮ್ಮ ನಾಲ್ಕನೇ ಕ್ಲಾಸಿನ ಹುಡುಗನ ಬಗ್ಗೆ ಅದು ಏನೂ ಹೇಳುವುದಿಲ್ಲ. ಈ ಉತ್ತರ ಬಾಯಲ್ಲಿ ರೆಡಿ ಇಟ್ಟುಕೊಳ್ಳಿ.

ಎರಡನೆಯದು ಕಾಲುಸಂಕ, ಅಂದರೆ ಹೊಳೆ ದಾಟುವ ಕಿರು ಕಾಲುಸೇತುವೆ, ನಿಮ್ಮ ನಾಲ್ಕು ಊರಲ್ಲಿ ಎಲ್ಲಾದರೂ ಮಕ್ಕಳು ಅದನ್ನು ದಾಟಿ ಬರುತ್ತಿದ್ದರೆ. ಮಳೆಗಾಲದ ಫೋಟೋ ತೆಗೆದಿಟ್ಟಿದ್ದೀರಾ? ಬೇಸಿಗೆಯಲ್ಲಿ ಹೊಳೆ ತೋರಿಸಿದರೆ ಯಾರೂ ನಂಬುವುದಿಲ್ಲ.

ಮೂರನೆಯದನ್ನು ಮಗಳು ಮತ್ತು ಗೆಳತಿಯರಿಗೆ ಬಿಡಿ. ಸುಮ್ನೆ ಹೇಳುತ್ತಿಲ್ಲ. ನಮ್ಮಲ್ಲಿ ಪಂಚಾಯತಿಗಳು ಮಕ್ಕಳ ಗ್ರಾಮಸಭೆ ನಡೆಸುತ್ತವಲ್ವಾ, ಅಲ್ಲಿ ಕೂತವನು ನಾನು. ದೊಡ್ಡವರು ಕಂಪ್ಯೂಟರ್ ಕೇಳುತ್ತಾರೆ ಅಂದುಕೊಂಡರೆ ಹುಡುಗಿಯರು ಕೇಳಿದ್ದು ಸಂಜೆಯ ಬಸ್ಸು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಲ್ಲಿ ಟಿಕೆಟ್ ದುಡ್ಡು ಇಲ್ಲ, ಸರಿ. ಆದರೆ ನಮ್ಮ ಎರಡು ಜಿಲ್ಲೆಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಒಳಗಿನ ಊರಿಗೆ ಸರಕಾರಿ ಬಸ್ಸೇ ಬರದಿದ್ದರೆ ಆ ಯೋಜನೆ ಇದ್ದೂ ಹೈಸ್ಕೂಲ್ ಹುಡುಗಿಗೆ ಏನು ಬಂತು? ಶಾಲೆ ಬಿಡುವ ಹೊತ್ತಿಗೆ ಒಂದು ಸರಕಾರಿ ಬಸ್ಸು ಅನ್ನುವುದು ನಾವು ಯಾರೂ ಯೋಚಿಸದ ಬೇಡಿಕೆ. ನಿಮ್ಮ ಮಕ್ಕಳು ಬೇರೆ ಏನಾದರೂ ಹೇಳಬಹುದು, ಅದನ್ನೇ ಬರೆಯಿರಿ.

ಕರೆದುಕೊಂಡು ಹೋಗಿ, ಆದರೆ ರಜೆಯ ದಿನ. ಇಬ್ಬರೋ ಮೂವರೋ ಸಾಕು. ಭಾಷಣ ಬಾಯಿಪಾಠ ಮಾಡಿಸಬೇಡಿ, ಬೋರ್ಡ್ ಹಿಡಿಸಿ ಮುಂದೆ ನಿಲ್ಲಿಸುವುದಂತೂ ಬೇಡವೇ ಬೇಡ.

ಹೊತ್ತಿನ ಬಗ್ಗೆ: ಬಜೆಟ್ ಬರುವುದು ಸಾಮಾನ್ಯವಾಗಿ ಫೆಬ್ರವರಿ–ಮಾರ್ಚ್‌ನಲ್ಲಿ. ಜನವರಿಯಲ್ಲಿ ಹೋದರೆ ತಡವಾದಂತೆಯೇ, ನವೆಂಬರಿನಲ್ಲೇ ಹೋಗಿ. ನಾಲ್ಕೂ ಎಸ್‌ಡಿಎಂಸಿಯಲ್ಲಿ ಠರಾವು ಮಾಡಿ, ಅದರ ಪ್ರತಿಯನ್ನು ಮನವಿಗೆ ಲಗತ್ತಿಸಿ. ‘ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಕೇಳಿ’ ಅಂತ ಶಾಸಕರಿಗೆ ನೇರವಾಗಿ ಹೇಳಿ, ಪ್ರಶ್ನೆಯನ್ನೂ ನೀವೇ ಬರೆದುಕೊಡಿ. ಅದು ಅಂಗೀಕಾರವಾದರೆ ಮಂತ್ರಿ ಸದನದಲ್ಲೇ ಉತ್ತರ ಕೊಡಲೇಬೇಕಾಗುತ್ತದೆ. ಇನ್ನೊಂದು ಪ್ರತಿ ನಮ್ಮ ಕಡೆಯ ಶಿಕ್ಷಕರು ಮತ ಹಾಕಿ ಆರಿಸುವ ನೈಋತ್ಯ ಶಿಕ್ಷಕರ ಕ್ಷೇತ್ರದ ವಿಧಾನ ಪರಿಷತ್ ಸದಸ್ಯರಿಗೆ. ಅವರನ್ನು ಹೆಚ್ಚಿನವರು ಮರೆತೇ ಬಿಡುತ್ತಾರೆ. ಮನವಿ ಕೊಟ್ಟಲ್ಲೆಲ್ಲ ನಿಮ್ಮ ಪ್ರತಿಗೆ ಸೀಲು, ತಾರೀಕು ಹಾಕಿಸಿಕೊಂಡೇ ಹೊರಗೆ ಬನ್ನಿ.