ಓದುಗರ ಪ್ರಶ್ನೆ – ವಿಜ್ಞಾನದ ಉತ್ತರ: ಮೇಲ್ಮೈಯಿಂದ ಹೊಮ್ಮುವ ಲೇಸರ್

ಪ್ರಶ್ನೆ: ನಮ್ಮ ಕಾಲೇಜಿನ ಎರಡು ಕಟ್ಟಡಗಳ ನಡುವೆ ಆಪ್ಟಿಕಲ್ ಫೈಬರ್ ಎಳೆದಿದ್ದಾರೆ. ಸ್ವಿಚ್‌ಗೆ ಹಾಕುವ ಮಾಡ್ಯೂಲ್‌ಗಳಲ್ಲಿ ಒಂದರ ಮೇಲೆ 850 ನ್ಯಾನೋಮೀಟರ್ ಎಂದೂ ಇನ್ನೊಂದರ ಮೇಲೆ 1310 ನ್ಯಾನೋಮೀಟರ್ ಎಂದೂ ಬರೆದಿದೆ. ಮೊದಲನೆಯದರಲ್ಲಿ ‘ವಿಕ್ಸೆಲ್’ ಎಂಬ ಲೇಸರ್ ಇರುವುದರಿಂದ ಅದು ಅಗ್ಗ ಎಂದು ಅಂಗಡಿಯವರು ಹೇಳುತ್ತಾರೆ. ಅಗ್ಗ ಎಂದರೆ ಕಳಪೆ ಎಂದು ತಿಳಿಯಬೇಕೇ?
— ಓದುಗರೊಬ್ಬರು, ತುಮಕೂರು

ಉತ್ತರ: (ಮಾಡ್ಯೂಲ್ ಮೇಲಿನ ಅಂಕಿ ಅದರ ಬೆಳಕಿನ ತರಂಗಾಂತರ.) ಕಳಪೆಯಲ್ಲ, ಅದರ ಬೆಲೆ ಕಡಿಮೆಯಾಗಲು ಅದರ ರಚನೆಯೇ ಕಾರಣ, ಮತ್ತು ಅದು ಹತ್ತಿರದ ಸಂಪರ್ಕಗಳಿಗಷ್ಟೇ ಒದಗುವುದರ ಮೂಲವೂ ಬಹುಮಟ್ಟಿಗೆ ಆ ರಚನೆಯಲ್ಲೇ ಇದೆ.

ಸಾಮಾನ್ಯ ಅರೆವಾಹಕ ಲೇಸರ್‌ನಲ್ಲಿ ಬೆಳಕು ಚಿಪ್‌ನ ಪದರಗಳಿಗೆ ಸಮಾನಾಂತರವಾಗಿ ಕೆಲವು ನೂರು ಮೈಕ್ರೋಮೀಟರ್ ದೂರ ಹಿಂದಕ್ಕೂ ಮುಂದಕ್ಕೂ ಓಡಾಡಿ ಚಿಪ್‌ನ ಅಂಚಿನಿಂದ ಹೊರಬೀಳುತ್ತದೆ. ವಿಕ್ಸೆಲ್‌ನಲ್ಲಿ ಅದು ಪದರಗಳಿಗೆ ಲಂಬವಾಗಿ ಓಡಾಡಿ ಮೇಲ್ಮೈಯಿಂದಲೇ ಹೊಮ್ಮುತ್ತದೆ. ಹೀಗೆ ದಿಕ್ಕು ತಿರುಗಿಸಿದ್ದರಿಂದ ಒಂದು ದೊಡ್ಡ ತೊಡಕು ಎದುರಾಯಿತು: ಬೆಳಕನ್ನು ವರ್ಧಿಸುವ ಕ್ವಾಂಟಮ್ ಬಾವಿ ಎಂಬ ಪದರಗಳು ಒಂದೊಂದೂ ಹತ್ತು ನ್ಯಾನೋಮೀಟರ್‌ಗಿಂತ ತೆಳ್ಳಗಿರುವುದರಿಂದ ಒಂದು ಸಲ ಅವುಗಳನ್ನು ಹಾದುಹೋದ ಬೆಳಕಿಗೆ ಸಿಗುವ ವರ್ಧನೆ ತೀರ ಅಲ್ಪ. ಅಂಚಿನ ಲೇಸರ್‌ಗೆ ಸೀಳಿದ ಹರಳಿನ ಮುಖವೇ ಕನ್ನಡಿ. ಶೇಕಡಾ 30ರಷ್ಟು ಬೆಳಕನ್ನು ಹಿಂದಿರುಗಿಸಿದರೂ ಅದರ ಕೆಲಸ ನಡೆಯುತ್ತದೆ. ವಿಕ್ಸೆಲ್‌ಗೆ ಶೇಕಡಾ 99ಕ್ಕೂ ಮೀರಿ ಪ್ರತಿಫಲಿಸುವ ಕನ್ನಡಿಗಳು ಕೆಳಗೂ ಮೇಲೂ ಬೇಕು.

ಆ ಕನ್ನಡಿಯನ್ನು ಲೋಹದಿಂದ ಮಾಡುವುದಿಲ್ಲ. ಅಲ್ಯೂಮಿನಿಯಂ ಪ್ರಮಾಣ ಹೆಚ್ಚಿರುವ ಮತ್ತು ಕಡಿಮೆಯಿರುವ ಅಲ್ಯೂಮಿನಿಯಂ ಗ್ಯಾಲಿಯಂ ಆರ್ಸೆನೈಡ್ ಪದರಗಳನ್ನು ಒಂದರ ಮೇಲೊಂದು, ಇಪ್ಪತ್ತರಿಂದ ನಲವತ್ತು ಜೋಡಿಗಳವರೆಗೆ, ಹರಳಾಗಿಯೇ ಬೆಳೆಸುತ್ತಾರೆ. ಪ್ರತಿ ಪದರದ ದಪ್ಪ ಆ ವಸ್ತುವಿನೊಳಗಿನ ತರಂಗಾಂತರದ ಕಾಲುಭಾಗ, ಅಂದರೆ 850 ನ್ಯಾನೋಮೀಟರ್ ಲೇಸರ್‌ಗೆ ಸುಮಾರು 60ರಿಂದ 70 ನ್ಯಾನೋಮೀಟರ್. ಪ್ರತಿ ಗಡಿಯಲ್ಲೂ ತುಸುವೇ ಹಿಂದಿರುಗುವ ಬೆಳಕಿನ ಅಲೆಗಳು ಒಂದಕ್ಕೊಂದು ತಾಳ ಕೂಡಿ ಬಲಗೊಳ್ಳುವಂತೆ ಈ ಲೆಕ್ಕವನ್ನು ಇಟ್ಟಿರುತ್ತಾರೆ. ಇಷ್ಟು ಪದರಗಳನ್ನು ದಪ್ಪದಲ್ಲಿ ಏರುಪೇರಿಲ್ಲದೆ ಬೆಳೆಸುವುದೇ ಈ ತಂತ್ರಜ್ಞಾನದ ನಿಜವಾದ ಕಸುಬು ಎಂದು ನನಗನ್ನಿಸುತ್ತದೆ.

ಈ ಕಲ್ಪನೆಯನ್ನು 1977ರಲ್ಲಿ ಮುಂದಿಟ್ಟವರು ಟೋಕಿಯೋ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಕೆನಿಚಿ ಇಗಾ. 1979ರಲ್ಲಿ ಅವರ ತಂಡದ ಸಾಧನ ಬೆಳಗಿತಾದರೂ ಅದನ್ನು ದ್ರವ ಸಾರಜನಕದ ಚಳಿಯಲ್ಲಿಟ್ಟು, ಬಿಟ್ಟುಬಿಟ್ಟು ವಿದ್ಯುತ್ ಕೊಡಬೇಕಾಗಿತ್ತು. ಕೋಣೆಯ ಉಷ್ಣತೆಯಲ್ಲಿ ನಿರಂತರವಾಗಿ ಬೆಳಗಿಸಲು 1988ರವರೆಗೆ ಕಾಯಬೇಕಾಯಿತು. 1990ರ ದಶಕದಲ್ಲಿ ಅದು ಮಾರುಕಟ್ಟೆಗೂ ಬಂತು.

ಬೆಲೆಯ ವಿಷಯಕ್ಕೆ ಬರೋಣ. ಅಂಚಿನಿಂದ ಬೆಳಗುವ ಲೇಸರನ್ನು ಸಾಮಾನ್ಯವಾಗಿ ವೇಫರ್‌ನಿಂದ (ಚಿಪ್‌ಗಳನ್ನು ಮಾಡುವ ಹರಳಿನ ತೆಳು ಬಿಲ್ಲೆಯಿಂದ) ಸೀಳಿದ ನಂತರವೇ ಪರೀಕ್ಷಿಸಬೇಕು. ವಿಕ್ಸೆಲ್‌ಗಳನ್ನಾದರೋ ಸಾವಿರಾರು ಸಂಖ್ಯೆಯಲ್ಲಿ ಒಂದೇ ವೇಫರ್ ಮೇಲೆ ಮಾಡಿ, ಕತ್ತರಿಸುವ ಮೊದಲೇ ಒಂದೊಂದಕ್ಕೂ ಸೂಜಿ ಮುಟ್ಟಿಸಿ ಪರೀಕ್ಷಿಸಿ, ಕೆಟ್ಟದ್ದನ್ನು ಅಲ್ಲೇ ಗುರುತಿಸಿಬಿಡಬಹುದು. ಅಂಚಿನ ಲೇಸರ್‌ನ ಬೆಳಕು ಒಂದು ದಿಕ್ಕಿನಲ್ಲಿ ಬೀಸಣಿಗೆಯಂತೆ ಹರಡಿದರೆ ಇದರದ್ದು ದುಂಡಗಿರುತ್ತದೆ. ಫೈಬರ್‌ಗೆ ಹಾಯಿಸುವುದು ಸುಲಭ. ಒಂದು ಮಿಲಿಆಂಪಿಯರ್ ಆಸುಪಾಸಿನ ವಿದ್ಯುತ್ತಿಗೇ ಇದು ಲೇಸರ್ ಆಗಿ ಬೆಳಗತೊಡಗುತ್ತದೆ. ಡೇಟಾ ಸೆಂಟರ್‌ಗಳಲ್ಲಿ ಹತ್ತಿರದ ಸಂಪರ್ಕಗಳಿಗೆ ಇದು ನೆಲೆಯೂರಿದ್ದು ಈ ಕಾರಣಗಳಿಂದಲೇ.

ಮಿತಿಗಳೂ ಸಣ್ಣವಲ್ಲ. ಒಂಟಿ ವಿಕ್ಸೆಲ್‌ನ ಬೆಳಕು ಕೆಲವೇ ಮಿಲಿವ್ಯಾಟ್. 850 ನ್ಯಾನೋಮೀಟರ್ ಬೆಳಕು ಫೈಬರ್‌ನಲ್ಲಿ ಕಿಲೋಮೀಟರಿಗೆ ಎರಡು-ಮೂರು ಡೆಸಿಬೆಲ್‌ನಷ್ಟು ಕ್ಷೀಣಿಸುತ್ತದೆ. 1550ರಲ್ಲಾದರೆ ಈ ನಷ್ಟ 0.2ರ ಸುಮಾರು. ಉದ್ದ ತರಂಗಾಂತರಕ್ಕೆ ಬೇಕಾದ ಇಂಡಿಯಂ ಫಾಸ್ಫೈಡ್ ಹರಳಿನ ಮೇಲೆ ಹಿಂದೆ ಹೇಳಿದಂತಹ ಒಳ್ಳೆಯ ಕನ್ನಡಿ ಬೆಳೆಸುವುದು ಕಷ್ಟವಾದ್ದರಿಂದ 1310 ಮತ್ತು 1550ರ ದೂರದ ಸಂಪರ್ಕಗಳಲ್ಲಿ ಇಂದಿಗೂ ಅಂಚಿನ ಲೇಸರ್‌ಗಳದ್ದೇ ಮೇಲುಗೈ. ಮನೆಗಳಿಗೆ ಬರುವ ಇಂಟರ್ನೆಟ್ ಫೈಬರ್‌ನಲ್ಲೂ ವಿಕ್ಸೆಲ್ ಕಾಣದಿರುವುದಕ್ಕೆ ದೂರವೇ ಕಾರಣ.

ನಿಮ್ಮ ಕಾಲೇಜಿನಲ್ಲಿ ಮೊದಲು ನೋಡಬೇಕಾದದ್ದು ಈಗಾಗಲೇ ಎಳೆದಿರುವ ಫೈಬರನ್ನು. ಹೊದಿಕೆ ಹಳದಿಯಾಗಿದ್ದರೆ ಅದು ಸಾಮಾನ್ಯವಾಗಿ ಸಿಂಗಲ್‌ಮೋಡ್, ಅಂದರೆ ಬೆಳಕು ಒಂದೇ ಹಾದಿಯಲ್ಲಿ ಸಾಗುವ ಫೈಬರ್. ತಿರುಳಿನ ವ್ಯಾಸ 9 ಮೈಕ್ರೋಮೀಟರ್ ಆಸುಪಾಸು, ಅದಕ್ಕೆ 1310ರ ಮಾಡ್ಯೂಲೇ ಬೇಕು. ತಿಳಿ ನೀಲಿ-ಹಸಿರು ಬಣ್ಣದ್ದಾದರೆ 50 ಮೈಕ್ರೋಮೀಟರ್ ತಿರುಳಿನ ಮಲ್ಟಿಮೋಡ್, ಅಂದರೆ ಬೆಳಕು ಹಲವು ಹಾದಿಗಳಲ್ಲಿ ಸಾಗುವಂಥದ್ದು. 10 ಗಿಗಾಬಿಟ್ ವೇಗದಲ್ಲಿ 850ರ ಮಾಡ್ಯೂಲ್ ಓಎಂ3 ದರ್ಜೆಯಲ್ಲಿ 300 ಮೀಟರ್, ಓಎಂ4ರಲ್ಲಿ 400 ಮೀಟರ್ ತಲುಪುತ್ತದೆ. ಕಿತ್ತಳೆ ಹೊದಿಕೆಯ ಹಳೆಯ ಮಲ್ಟಿಮೋಡ್ ಆಗಿದ್ದರೆ ಅದೇ ವೇಗಕ್ಕೆ ದೂರ ತೀರ ಮೊಟಕಾಗುತ್ತದೆ. ಬಣ್ಣವನ್ನಷ್ಟೇ ನಂಬದೆ ಹೊದಿಕೆಯ ಮೇಲಿನ ಅಚ್ಚನ್ನೂ ಓದಿಕೊಳ್ಳಿ, ಮತ್ತು ಎರಡೂ ತುದಿಗೆ ಒಂದೇ ಬಗೆಯ ಮಾಡ್ಯೂಲ್ ಹಾಕಿಸಿ.

ಪ್ರಶ್ನೆ: ಮೊಬೈಲ್ ಫೋನ್ ಮುಖವನ್ನು ಗುರುತಿಸುವುದು ಲೇಸರ್‌ನಿಂದ ಎಂದು ಓದಿದೆ. ಕಣ್ಣಿಗೆ ಅಪಾಯವಿಲ್ಲವೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಎಲ್ಲ ಫೋನ್‌ಗಳಲ್ಲೂ ಹಾಗಿಲ್ಲ, ಹಲವು ಫೋನ್‌ಗಳು ಕೇವಲ ಕ್ಯಾಮೆರಾದ ಚಿತ್ರವನ್ನು ನೋಡುತ್ತವೆ. 2017ರಲ್ಲಿ ಬಂದ ಐಫೋನ್ ಟೆನ್ ಕಣ್ಣಿಗೆ ಕಾಣದ ಅತಿಗೆಂಪು ಬೆಳಕಿನ 30,000ಕ್ಕೂ ಹೆಚ್ಚು ಚುಕ್ಕೆಗಳನ್ನು ಮುಖದ ಮೇಲೆ ಚೆಲ್ಲುವ ವಿಧಾನವನ್ನು ತಂದಿತು. ಆ ಬೆಳಕಿನ ಮೂಲ ಒಂದೇ ಚಿಪ್ ಮೇಲೆ ಒಟ್ಟಾಗಿ ಕೂತ ವಿಕ್ಸೆಲ್‌ಗಳು. ಮೂಗು, ಕೆನ್ನೆಗಳ ಏರುತಗ್ಗಿಗೆ ತಕ್ಕಂತೆ ಚುಕ್ಕೆಗಳು ಪಕ್ಕಕ್ಕೆ ಸರಿದಿರುವುದನ್ನು ಅಳೆದು ಫೋನ್ ಮುಖದ ಆಳವನ್ನು ಲೆಕ್ಕಹಾಕುತ್ತದೆ. ಇಂತಹ ಸಾಧನಗಳಲ್ಲಿ 940 ನ್ಯಾನೋಮೀಟರನ್ನು ಹೆಚ್ಚಾಗಿ ಆರಿಸಿಕೊಳ್ಳಲು ಒಂದು ಸೊಗಸಾದ ಕಾರಣವಿದೆ: ವಾತಾವರಣದ ನೀರಾವಿ ಬಿಸಿಲಿನ ಆ ಪಟ್ಟಿಯನ್ನು ಒಂದಿಷ್ಟು ಹೀರಿಕೊಳ್ಳುವುದರಿಂದ ಹಗಲಿನಲ್ಲಿ ಹೊರಗೆ ನಿಂತಾಗಲೂ ಸಂವೇದಕಕ್ಕೆ ಸೂರ್ಯನ ಕಾಟ ಕಡಿಮೆ.

ಕಣ್ಣಿನ ಸುರಕ್ಷತೆಗೆ ಅಂತರರಾಷ್ಟ್ರೀಯ ಮಾನದಂಡವಿದ್ದು, ಸಾಮಾನ್ಯ ಬಳಕೆಯಲ್ಲಿ ಹಾನಿಯಿಲ್ಲದ ಒಂದನೇ ವರ್ಗದ ಮಿತಿಯೊಳಗೆ ಈ ಸಾಧನಗಳನ್ನು ಇರಿಸುತ್ತಾರೆ. ಬೆಳಕು ಹರಡಿಕೊಂಡಿರುವುದು ಆ ಮಿತಿಯನ್ನು ಪಾಲಿಸಲು ನೆರವಾಗುತ್ತದೆ. ಆದ್ದರಿಂದ ಚುಕ್ಕೆಗಳನ್ನು ಚೆಲ್ಲುವ ಭಾಗ ಒಡೆದ ಫೋನನ್ನು ಸಿಕ್ಕಲ್ಲಿ ಬಿಚ್ಚಿಸಬೇಡಿ. ಮೊದಲ ಪ್ರಶ್ನೆಯವರಿಗೂ ಒಂದು ಮಾತು: ಫೈಬರ್ ತುದಿಯಲ್ಲಿ ಬೆಳಕು ಬರುತ್ತಿದೆಯೇ ಎಂದು ಕಣ್ಣಿಟ್ಟು ನೋಡುವ ಅಭ್ಯಾಸ ಕೆಲವರಿಗಿದೆ. 1310ರ ಬೆಳಕು ಕಾಣುವುದೇ ಇಲ್ಲ, 850ರದ್ದು ಕಂಡರೂ ನಿಜವಾದ ತೀವ್ರತೆಗಿಂತ ಎಷ್ಟೋ ಮಂಕಾಗಿ ತೋರುತ್ತದೆ. ಪವರ್ ಮೀಟರ್‌ನಿಂದ ಅಳೆಯಿರಿ, ಬಳಸದ ತುದಿಗೆ ಮುಚ್ಚಳ ಹಾಕಿಡಿ.